ಯಂತ್ರ ಇಲ್ಲಿ, ಪದವಿ ಅಲ್ಲಿ

ವಾಡಿ ಜಂಕ್ಷನ್ನಿನಿಂದ ರೈಲು ಮೂರು ದಿಕ್ಕಿಗೆ ಹೊರಡುತ್ತದೆ. ಒಂದು ಹಳಿ ಶಹಾಬಾದ್, ಕಲಬುರ್ಗಿಗಳನ್ನು ದಾಟಿ ಮುಂಬಯಿಗೆ. ಇನ್ನೊಂದು ರಾಯಚೂರಿನ ಮೇಲೆ ಮದ್ರಾಸಿಗೆ. ಮೂರನೆಯದು ಚಿತ್ತಾಪುರ, ಮಳಖೇಡ, ಸೇಡಂ, ತಾಂಡೂರುಗಳ ಮೂಲಕ ಹೈದರಾಬಾದಿಗೆ. ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಬೇಕು, ಓದಿದ ಮೇಲೆ ಇನ್ನೂ ಮೇಲಕ್ಕೆ ಹೋಗಬೇಕು ಎಂದುಕೊಂಡ ಈ ಭಾಗದ ಹುಡುಗರು ಈ ಮೂರರಲ್ಲಿ ಯಾವುದಾದರೂ ಒಂದು ಹಳಿಯನ್ನು ಹಿಡಿಯಬೇಕಾಯಿತು. ಯಾವ ಕಾಲಕ್ಕೆ ಯಾವ ಹಳಿ ಎಂಬುದನ್ನು ಅವರ ಅಂಕಪಟ್ಟಿಗಿಂತ ಹೆಚ್ಚಾಗಿ ರಾಜ್ಯಗಳ ಗಡಿ, ಕಲಿಸುವ ಭಾಷೆ ಮತ್ತು ಸರ್ಕಾರಿ ಕಚೇರಿಯ ಪ್ರಮಾಣಪತ್ರ ನಿರ್ಧರಿಸಿದವು.

ಹಾಗೆಂದು ಈ ಸೀಮೆಗೆ ಯಂತ್ರ ತಡವಾಗಿ ಬಂತು ಎನ್ನುವಂತಿಲ್ಲ. ಮುಂಬಯಿ ಕಡೆಯ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ 1871ರ ಹೊತ್ತಿಗೆ ಇಲ್ಲಿಂದ ಹಾದು ರಾಯಚೂರು ಮುಟ್ಟಿತ್ತು. ನಿಜಾಮರ ರೈಲು ವಾಡಿಯಿಂದ ಸಿಕಂದರಾಬಾದಿಗೆ 1874ರಲ್ಲಿ ಓಡಿತು. ಉಗಿಬಂಡಿಯ ಬಾಯ್ಲರು, ಪಿಸ್ಟನ್ನುಗಳನ್ನು ವಾಡಿಯ ಜನ ಕಂಡದ್ದು ಕರ್ನಾಟಕದ ಎಷ್ಟೋ ಊರುಗಳಿಗಿಂತ ಮೊದಲು. ಸ್ಥಳೀಯರು ‘ಪರಸಿ’ ಎನ್ನುವ ಶಹಾಬಾದ್ ಕಲ್ಲು ಇದೇ ಹಳಿಯ ಮೇಲೆ ದೂರದೂರುಗಳ ಮನೆಯಂಗಳಕ್ಕೆ ಹೋಯಿತು. 1920ರ ದಶಕದಲ್ಲಿ ಅದೇ ಸುಣ್ಣಕಲ್ಲಿನ ನೆಲದ ಮೇಲೆ ಶಹಾಬಾದ್ ಸಿಮೆಂಟ್ ಕಂಪನಿ ತಲೆಯೆತ್ತಿತು. 1936ರಲ್ಲಿ ಹಲವು ಕಂಪನಿಗಳು ಕೂಡಿ ಎಸಿಸಿ ಆದಾಗ ಅದೂ ಅದರೊಳಗೆ ಸೇರಿತು. ಚಿಂಚೋಳಿ ಮಾತ್ರ ರೈಲಿನಿಂದ ದೂರವೇ ಉಳಿಯಿತು. ಅಲ್ಲಿಯವರಿಗೆ ಮೊದಲು ಸೇಡಮ್ಮಿಗೋ ತಾಂಡೂರಿಗೋ ಬರುವ ಕೆಲಸ. ರೈಲು ಆಮೇಲಿನ ಮಾತು.

ಯಂತ್ರ ಬಂದರೂ ಅದನ್ನು ಬಿಡಿಸಿ ಹೇಳುವ ವಿದ್ಯೆ ಹೈದರಾಬಾದಿನಲ್ಲಿತ್ತು. ಉಸ್ಮಾನಿಯಾ ವಿಶ್ವವಿದ್ಯಾಲಯ 1918ರಲ್ಲಿ ಸ್ಥಾಪನೆಯಾಯಿತು. ಅದರ ಎಂಜಿನಿಯರಿಂಗ್ ಕಾಲೇಜು ಬಂದದ್ದು 1929ರಲ್ಲಿ. ದೇಶಭಾಷೆಯೊಂದರಲ್ಲಿ ವಿಜ್ಞಾನ, ವೈದ್ಯ, ಕಾನೂನುಗಳನ್ನೆಲ್ಲ ಕಲಿಸಲು ಹೊರಟ ಆ ಪ್ರಯೋಗ ಇಂದಿಗೂ ಬೆರಗು ಹುಟ್ಟಿಸುವಂಥದು. ಅದಕ್ಕೆಂದೇ ಭಾಷಾಂತರ ಇಲಾಖೆಯೊಂದು ಹಗಲಿರುಳು ಪಾರಿಭಾಷಿಕ ಪದಗಳನ್ನು ಕಟ್ಟುತ್ತಿತ್ತು. ಆದರೆ ಆ ದೇಶಭಾಷೆ ಉರ್ದು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು ಬೆರೆತ ಕನ್ನಡ ಆಡುವ ಸೇಡಂ ಹುಡುಗನಿಗೆ ಶಾಖ ‘ಹರಾರತ್’ ಆಗಬೇಕು, ಬಲ ‘ಕುವ್ವತ್’ ಆಗಬೇಕು. ಕಲಬುರ್ಗಿಯಲ್ಲಿ 1907ರಷ್ಟು ಹಿಂದೆಯೇ ನೂತನ ವಿದ್ಯಾಲಯದಂಥ ಸಂಸ್ಥೆ ಹುಟ್ಟಿತ್ತು ನಿಜ. ಆದರೆ ಹಳ್ಳಿಯ ಶಾಲೆಯಿಂದ ಹೈದರಾಬಾದಿನ ಕಾಲೇಜಿನ ತನಕದ ಮೆಟ್ಟಿಲುಗಳನ್ನು ಏರಲು ಉರ್ದು ಬಲ್ಲ ಪಟ್ಟಣದ ಮನೆತನಗಳಿಗೆ ಸುಲಭ, ಒಕ್ಕಲು ಮನೆಯವರಿಗೆ ಕಷ್ಟ. ಹೈದರಾಬಾದಿನವರೆಗೆ ಹೋಗಿ ಓದಿ ಬಂದವರಲ್ಲಿ ಚಿಂಚೋಳಿಯ ವೀರೇಂದ್ರ ಪಾಟೀಲರೂ ಒಬ್ಬರು. ಎರಡು ಬಾರಿ ಮುಖ್ಯಮಂತ್ರಿಯಾದ ಅವರು ಅಲ್ಲಿ ಕಲಿತದ್ದು ಕಾನೂನು. ಆ ಕಾಲದಲ್ಲಿ ಕಲಿತವರ ಒಲವೇ ವಕೀಲಿಯ ಕಡೆಗಿತ್ತು ಎಂಬುದನ್ನೂ ಮರೆಯಬಾರದು.

ಓದಿದವನಿಗೆ ಕೆಲಸದ ಬಾಗಿಲಲ್ಲಿ ಇನ್ನೊಂದು ಕಾಗದ ಬೇಕಿತ್ತು. ಸಂಸ್ಥಾನದ ಸರ್ಕಾರಿ ನೌಕರಿ ‘ಮುಲ್ಕಿ’ಗಳಿಗೆ, ಅಂದರೆ ನಾಡಿನವರಿಗೆ, ಮೀಸಲು. ಹೊರಗಿನಿಂದ ಬಂದವನು ಮುಲ್ಕಿ ಎನಿಸಿಕೊಳ್ಳಲು 15 ವರ್ಷ ಇಲ್ಲಿ ನೆಲೆಸಿರಬೇಕು ಎಂಬ ನಿಯಮವಿತ್ತು. ಈ ಮುಲ್ಕಿ ಎಂಬ ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು. ನೂರು ವರ್ಷದ ಬಳಿಕ ಬೇರೆ ಹೆಸರಿನಲ್ಲಿ ಅದು ಮತ್ತೆ ಎದುರಾಗಲಿದೆ.

1948ರ ಪೊಲೀಸ್ ಕಾರ್ಯಾಚರಣೆಯ ನಂತರ ಉಸ್ಮಾನಿಯಾದಲ್ಲಿ ಉರ್ದು ಹೋಗಿ ಇಂಗ್ಲಿಷ್ ಬಂತು. 1956ರಲ್ಲಿ ಸಂಸ್ಥಾನವೇ ಮೂರು ಪಾಲಾಯಿತು. ಗುಲ್ಬರ್ಗ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು, ಅದರ ಕೊಡಂಗಲ್ ಮತ್ತು ತಾಂಡೂರು ತಾಲ್ಲೂಕುಗಳು ಮಾತ್ರ ಆಂಧ್ರಕ್ಕೆ ಹೋದವು. ಸೇಡಂ ಮತ್ತು ತಾಂಡೂರುಗಳ ನಡುವಿನ ಹಳಿಯ ಮೇಲೆ ಹೀಗೆ ಒಂದು ಗಡಿ ಬಿತ್ತು. ಭಾವನೆಯ ದೃಷ್ಟಿಯಿಂದ ಏಕೀಕರಣ ಹಬ್ಬವೇ. ವಿದ್ಯಾರ್ಥಿಯ ಲೆಕ್ಕದಲ್ಲಿ ಮಾತ್ರ ಅದು ತುಸು ಗೊಂದಲದ ಗಳಿಗೆ: ರಾತ್ರಿಯೊಂದರ ಪ್ರಯಾಣದಷ್ಟೂ ದೂರವಿಲ್ಲದ ಹೈದರಾಬಾದು ಪರರಾಜ್ಯವಾಯಿತು, ಇನ್ನು ಮೇಲೆ ನಮ್ಮ ವಿಶ್ವವಿದ್ಯಾಲಯ ಎಂದರೆ ದೂರದ ಧಾರವಾಡ.

ಆ ಹೊತ್ತಿಗೆ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜಿಗೆ ನಲವತ್ತು ವರ್ಷವಾಗುತ್ತ ಬಂದಿತ್ತು. ವಿಶ್ವೇಶ್ವರಯ್ಯನವರು ಅದನ್ನು 1917ರಲ್ಲೇ ತೆರೆದಿದ್ದರು. ಹುಬ್ಬಳ್ಳಿಯಲ್ಲಿ 1947ರಲ್ಲಿ ಕಾಲೇಜಾಗಿತ್ತು. ಹೈದರಾಬಾದ್ ಕರ್ನಾಟಕದಲ್ಲಿ ಒಂದೂ ಇರಲಿಲ್ಲ. ಈ ಕೊರತೆ ತುಂಬಲು ಮಹಾದೇವಪ್ಪ ರಾಂಪುರೆಯವರು ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆಯನ್ನು ಕಟ್ಟಿ, 1958ರಲ್ಲಿ ಕಲಬುರ್ಗಿಯಲ್ಲಿ ಎಂಜಿನಿಯರಿಂಗ್ ಕಾಲೇಜು ತೆರೆದರು. ಶರಣಬಸವೇಶ್ವರ ಸಂಸ್ಥಾನದ ಪೂಜ್ಯ ದೊಡ್ಡಪ್ಪ ಅಪ್ಪ ಅವರ ಹೆಸರಿನ ಆ ಕಾಲೇಜನ್ನು ಎಲ್ಲರೂ ಪಿಡಿಎ ಎಂದೇ ಬಲ್ಲರು. ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್ ಮೂರೂ ಸೇರಿ 120 ಸೀಟು. ಅದೇ 1958ರಲ್ಲಿ ವಾಡಿಯ ಒಂದು ಹಳಿಯ ತುದಿಯಲ್ಲಿ ಮುಂಬಯಿ ಐಐಟಿ, ಮರುವರ್ಷ ಇನ್ನೊಂದು ತುದಿಯಲ್ಲಿ ಮದ್ರಾಸ್ ಐಐಟಿ ಆರಂಭವಾದವು.

ಕಾಲೇಜಿನ ಹಿಂದೆಯೇ ಕಾರ್ಖಾನೆಗಳೂ ಬೆಳೆದವು. ಶಹಾಬಾದಿನಲ್ಲಿ ಎಸಿಸಿಯು ಬ್ರಿಟನ್ನಿನ ವಿಕರ್ಸ್ ಹಾಗೂ ಬ್ಯಾಬ್‌ಕಾಕ್ ಕಂಪನಿಗಳೊಡನೆ ಕೂಡಿ ಭಾರೀ ಯಂತ್ರಗಳನ್ನೇ ತಯಾರಿಸುವ ಕಾರ್ಖಾನೆ ನಡೆಸಿತು. ಮಾಲೀಕರು ಬದಲಾದಂತೆ ಅದರ ಹೆಸರೂ ಹಲವು ಬಾರಿ ಬದಲಾಯಿತು. 1968ರಲ್ಲಿ ವಾಡಿಯ ಸಿಮೆಂಟ್ ಕಾರ್ಖಾನೆ, 1980ರ ದಶಕದಲ್ಲಿ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದ ಬಳಿ ರಾಜಶ್ರೀ, ಸೇಡಮ್ಮಿನಲ್ಲಿ ವಾಸವದತ್ತಾ ಬಂದವು. ಶಹಾಬಾದಿನ ಹಳೆಯ ಸಿಮೆಂಟ್ ಕಾರ್ಖಾನೆ ಮಾತ್ರ ಕಾಲಾಂತರದಲ್ಲಿ ಬಾಗಿಲು ಹಾಕಿತು.

ಸಿಮೆಂಟ್ ಕಾರ್ಖಾನೆಯ ಕಿಲ್ನ್ ಎಂಬುದು ಮೆಕ್ಯಾನಿಕಲ್ ಎಂಜಿನಿಯರಿಂಗ್‌ನ ಸ್ನಾತಕೋತ್ತರ ಪಠ್ಯವನ್ನು ಒಂದೇ ಕಡೆ ಬಿಚ್ಚಿಟ್ಟಂತಿರುತ್ತದೆ. ತುಸು ಇಳಿಜಾರಾಗಿ ಮಲಗಿದ ಉಕ್ಕಿನ ಉದ್ದನೆಯ ಕೊಳವೆ. ಒಳಗೆ ಬೆಂಕಿಗೆ ಬಗ್ಗದ ಇಟ್ಟಿಗೆಯ ಪದರ. ಸುಮಾರು 1,450 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಸುಣ್ಣಕಲ್ಲು ಬೆಂದು ಕ್ಲಿಂಕರ್ ಆಗುವಾಗ ಇಡೀ ಕೊಳವೆ ನಿಮಿಷಕ್ಕೆ ಕೆಲವೇ ಸುತ್ತು ತಿರುಗುತ್ತಿರಬೇಕು. ಕಾವಿಗೆ ಉಕ್ಕು ಹಿಗ್ಗುತ್ತದೆ, ಭಾರಕ್ಕೆ ಕೊಳವೆ ಅಂಡಾಕಾರಕ್ಕೆ ತಿರುಗುತ್ತದೆ. ಅದನ್ನು ಹೊತ್ತ ಉರುಳೆಗಳ ಸಾಲು ಎಳೆಯಷ್ಟು ತಪ್ಪಿದರೂ ಬೇರಿಂಗು ಸುಡುತ್ತದೆ. ಶಾಖದ ಹರಿವು, ಲೋಹದ ದಣಿವು, ಕಂಪನ, ಸವೆತ, ಎಲ್ಲವೂ ಇಲ್ಲಿವೆ. ಹಳೆಯ ಆರ್ದ್ರ ವಿಧಾನದಲ್ಲಿ ಒಂದು ಕಿಲೋ ಕ್ಲಿಂಕರಿಗೆ ಸುಮಾರು 1,300 ಕಿಲೋಕ್ಯಾಲರಿ ಶಾಖ ಬೇಕಿತ್ತು. ಒಣ ವಿಧಾನದಲ್ಲಿ ಅದು 700-750ಕ್ಕೆ ಇಳಿದಿದೆ. ಈ ಉಳಿತಾಯವೆಲ್ಲ ಪ್ರಯೋಗಾಲಯಗಳ ಮತ್ತು ವಿನ್ಯಾಸ ಕಚೇರಿಗಳ ಫಲ. ವಾಡಿಯಲ್ಲಿ 2010ರ ಸುಮಾರಿಗೆ ದಿನಕ್ಕೆ 12,500 ಟನ್ ಸಾಮರ್ಥ್ಯದ ಕಿಲ್ನ್ ನಿಂತಿತು. ಜಗತ್ತಿನ ಅತಿ ದೊಡ್ಡ ಕಿಲ್ನ್‌ಗಳ ಸಾಲಿನದು ಅದು. ಇಂಥ ಯಂತ್ರದ ಮಗ್ಗುಲಲ್ಲೇ ಆ ವಿಷಯದ ಸಂಶೋಧನೆಯೂ ಬೆಳೆಯಬೇಕಿತ್ತು. ಕಾರ್ಖಾನೆಗಳು ಈ ನೆಲದಿಂದ ಕಲ್ಲನ್ನೂ ಕೂಲಿಯನ್ನೂ ಪಡೆದಷ್ಟು ಸಲೀಸಾಗಿ ಸಂಶೋಧನೆಯ ಪ್ರಶ್ನೆಗಳನ್ನು ಇಲ್ಲಿನ ತರಗತಿಗಳಿಗೆ ಕೊಡಲಿಲ್ಲ.

ವಿಶ್ವವಿದ್ಯಾಲಯದ ಹೆಸರು ಮಾತ್ರ ಬದಲಾಗುತ್ತಲೇ ಇತ್ತು. ಧಾರವಾಡದ ಪದವಿ 1980ರಲ್ಲಿ ಗುಲ್ಬರ್ಗ ವಿಶ್ವವಿದ್ಯಾಲಯ ಬಂದ ಮೇಲೆ ಗುಲ್ಬರ್ಗದ್ದಾಯಿತು. 1998ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಸ್ಥಾಪನೆಯಾಗಿ ಬೆಳಗಾವಿಯದ್ದಾಯಿತು. ಪಿಡಿಎಯಲ್ಲಿ ಸ್ನಾತಕೋತ್ತರ ತರಗತಿಗಳೂ ಬಂದವು. ಎಂ.ಟೆಕ್‌ಗೆ ದಾರಿ ಎರಡು. ಅಖಿಲ ಭಾರತ ಮಟ್ಟದ ಗೇಟ್ ಪರೀಕ್ಷೆ ಮೊದಲನೆಯದು. ಇದರಲ್ಲಿ ಗೆದ್ದವರಿಗೆ ಐಐಟಿಗಳ ಬಾಗಿಲು ತೆರೆಯುತ್ತದೆ, ಜೊತೆಗೆ ತಿಂಗಳ ವಿದ್ಯಾರ್ಥಿವೇತನ. ಎರಡನೆಯದು ರಾಜ್ಯದ ಪಿಜಿಸಿಇಟಿ. ಎರಡು ವರ್ಷ, ನಾಲ್ಕು ಸೆಮಿಸ್ಟರು; ಕೊನೆಯ ಭಾಗ ಪೂರ್ತಿ ಪ್ರಬಂಧಕ್ಕೆ. ಬಿ.ಇ. ಮುಗಿದೊಡನೆ ಸಂಬಳ ತರಬೇಕಾದ ಮನೆಯ ಮಗನಿಗೆ ಈ ಎರಡು ವರ್ಷವೇ ನಿಜವಾದ ಪ್ರವೇಶ ಪರೀಕ್ಷೆ. ಗೇಟ್ ವೇತನ ಸಿಕ್ಕವನು ಓದು ಮುಗಿಸುತ್ತಾನೆ. ಸಿಗದವನು ಕಾರ್ಖಾನೆಯ ಪಾಳಿಗೆ ಸೇರಿಕೊಂಡು ಪ್ರಬಂಧವನ್ನು ಮುಂದಕ್ಕೆ ಹಾಕುತ್ತಾನೆ.

ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಾಗ ರಾಜ್ಯದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ 21 ಗುಲ್ಬರ್ಗ ವಿಭಾಗದಲ್ಲೇ ಇದ್ದವು. ಸೇಡಂ, ಚಿತ್ತಾಪುರ, ಚಿಂಚೋಳಿ ಮೂರೂ ಆ ಪಟ್ಟಿಯಲ್ಲಿದ್ದವು. ವಾಡಿ, ಶಹಾಬಾದ್ ಆಗ ಚಿತ್ತಾಪುರ ತಾಲ್ಲೂಕಿನವೇ. ನಾಡಿಗೆಲ್ಲ ಸಿಮೆಂಟ್ ಕೊಡುವ ತಾಲ್ಲೂಕು ಹಿಂದುಳಿಯುವುದು ಹೇಗೆ ಎಂದು ಕೇಳುವವರಿಗೆ, ಕಾರ್ಖಾನೆಯಲ್ಲಿ ಯಾರು ಎಂಜಿನಿಯರು, ಯಾರು ದಿನಗೂಲಿ ಎಂಬುದನ್ನು ನೋಡಿದರೆ ಉತ್ತರ ಅರ್ಧ ಸಿಕ್ಕೀತು.

ಈ ಅಸಮಾಧಾನವೇ 371ನೇ ವಿಧಿಯ ಬೇಡಿಕೆಯಾಗಿ ಬೆಳೆಯಿತು. ತೆಲಂಗಾಣದವರಿಗೆ ಮುಲ್ಕಿ ವಿವಾದದ ಬಳಿಕ 1973ರ ತಿದ್ದುಪಡಿಯಲ್ಲಿ 371(ಡಿ) ಸಿಕ್ಕಿತ್ತು. ಅದೇ ಸಂಸ್ಥಾನದ ಕನ್ನಡ ಭಾಗ ಕೈಬಿಟ್ಟುಹೋಗಿತ್ತು. ಚಿಂಚೋಳಿಯಿಂದ ಶಾಸಕರಾಗಿದ್ದ ವೈಜನಾಥ ಪಾಟೀಲರು ಇದಕ್ಕಾಗಿ ದಶಕಗಳ ಕಾಲ ಹೋರಾಡಿದರು. 2012ರ ಡಿಸೆಂಬರಿನಲ್ಲಿ ಸಂಸತ್ತು 371(ಜೆ)ಗೆ ಒಪ್ಪಿಗೆ ಕೊಟ್ಟಿತು. ಮುಂದಿನ ವರ್ಷದ ಆದೇಶದಂತೆ ಈ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ಶೇ 70, ರಾಜ್ಯದ ಉಳಿದೆಡೆ ಶೇ 8 ಸೀಟು ಸ್ಥಳೀಯರಿಗೆ ಮೀಸಲಾದವು. ಎಂ.ಟೆಕ್ ಸೀಟಿಗೂ ಇದು ಅನ್ವಯ. ಆದರೆ ಕೇಂದ್ರದ ಸಂಸ್ಥೆಗಳಿಗೆ ಇದು ಸಲ್ಲದು. ವಾಡಿಯ ಮೂರೂ ಹಳಿಗಳ ತುದಿಯಲ್ಲಿರುವ ಐಐಟಿಗಳಲ್ಲಿ ಈ ಕಾಗದಕ್ಕೆ ಬೆಲೆಯಿಲ್ಲ. ಹೈದರಾಬಾದಿನ ಐಐಟಿ 2008ರಲ್ಲಿ ಆರಂಭವಾಯಿತು. ಸೇಡಂ ಹುಡುಗನಿಗೆ ಅತಿ ಹತ್ತಿರದ ಐಐಟಿ ಈಗ ಅದೇ. ಅಜ್ಜ ಹಿಡಿದಿದ್ದ ಹಳಿಯನ್ನೇ ಮೊಮ್ಮಗನೂ ಹಿಡಿಯಬೇಕು, ಭಾಷೆ ಮಾತ್ರ ಬೇರೆ.

ರಾಜ್ಯದ ಕೋಟಾ ಬೇಕೆಂದರೆ ಉಪವಿಭಾಗಾಧಿಕಾರಿಯ ಅರ್ಹತಾ ಪ್ರಮಾಣಪತ್ರ ಬೇಕು. ಈ ಭಾಗದಲ್ಲಿ ಹುಟ್ಟಿದ್ದಕ್ಕೆ ಅಥವಾ ಹತ್ತು ವರ್ಷ ನೆಲೆಸಿದ್ದಕ್ಕೆ ದಾಖಲೆ ಒದಗಿಸಬೇಕು. ಮುಲ್ಕಿಯ ಹದಿನೈದು ಇಲ್ಲಿ ಹತ್ತಾಗಿದೆ. ಚಿತ್ತಾಪುರ, ಚಿಂಚೋಳಿ, 2018ರ ಸುಮಾರಿಗೆ ಹೊಸ ತಾಲ್ಲೂಕಾದ ಶಹಾಬಾದ್, ಎಲ್ಲಕ್ಕೂ ಆ ಅಧಿಕಾರಿಯ ಕಚೇರಿ ಇರುವುದು ಸೇಡಮ್ಮಿನಲ್ಲಿ. ಚಿಂಚೋಳಿಯವನು ಬಸ್ಸಿನಲ್ಲಿ ಬರುತ್ತಾನೆ, ವಾಡಿಯವನು ಹೈದರಾಬಾದ್ ಕಡೆಯ ಪ್ಯಾಸೆಂಜರ್ ರೈಲಿನಲ್ಲಿ.