ಮೂರು ಪ್ರಭುತ್ವಗಳ ಸೇವಕ: ದಿವಾನ್ ಪೂರ್ಣಯ್ಯ

ಮೈಸೂರು-ನಂಜನಗೂಡು ದಾರಿಯ ತಾಂಡವಪುರದಿಂದ ಶ್ರೀರಂಗಪಟ್ಟಣ ಒಂದು ಕಡೆಗೆ, ಯಳಂದೂರು ಇನ್ನೊಂದು ಕಡೆಗೆ. ಮೊದಲನೆಯದು 1799ರಲ್ಲಿ ಟಿಪ್ಪು ಮಡಿದ ಊರು. ಎರಡನೆಯದು 1807ರಲ್ಲಿ ಅವನ ಹಿಂದಿನ ಮಂತ್ರಿಗೆ ಜಹಗೀರಾಗಿ ಸಂದ ಊರು. ಈ ಎರಡು ಊರುಗಳ ನಡುವೆ ಇತಿಹಾಸದ ಕಠಿಣ ಪ್ರಶ್ನೆಯೊಂದಿದೆ: ಗೆದ್ದ ಪರಕೀಯರೊಡನೆ ಸಹಕರಿಸಿದ ವಿದ್ಯಾವಂತನನ್ನು ನಾವು ಏನೆಂದು ಕರೆಯಬೇಕು?

ಪೂರ್ಣಯ್ಯನವರು ಲೆಕ್ಕಪತ್ರಗಳಲ್ಲಿ ನಿಷ್ಣಾತರು. 1782ರಲ್ಲಿ ದಂಡಿನ ಬೀಡಿನಲ್ಲಿ ಹೈದರಾಲಿ ತೀರಿಕೊಂಡಾಗ, ಟಿಪ್ಪು ಬರುವವರೆಗೆ ಸುದ್ದಿಯನ್ನು ಗುಟ್ಟಾಗಿಟ್ಟು ಸೈನ್ಯ ಚದುರದಂತೆ ನೋಡಿಕೊಂಡವರಲ್ಲಿ ಅವರೂ ಒಬ್ಬರು. ಅವರ ಸ್ವಾಮಿನಿಷ್ಠೆಗೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

1799ರ ಮೇ 4ರಂದು ಕೋಟೆ ಬಿತ್ತು. ಟಿಪ್ಪುವಿನ ಮಕ್ಕಳನ್ನು ವೆಲ್ಲೂರಿಗೆ ಕಳುಹಿಸಲಾಯಿತು. ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರು ಪಟ್ಟಕ್ಕೆ ಬಂದರು, ಪೂರ್ಣಯ್ಯ ದಿವಾನರಾದರು. ಕಂಪನಿಗೆ ಕತ್ತಿಯಿಂದ ರಾಜ್ಯ ಸಿಕ್ಕಿತ್ತು. ಆದರೆ ಯಾವ ಊರಿನಿಂದ ಎಷ್ಟು ಕಂದಾಯ ಬರುತ್ತದೆ, ಯಾವ ಪಾಳೆಯಗಾರನನ್ನು ಹೇಗೆ ಒಲಿಸಬೇಕು ಎಂಬ ತಿಳಿವಳಿಕೆ ಇದ್ದದ್ದು ಪೂರ್ಣಯ್ಯನವರಂಥವರ ಬಳಿ.

ಒಪ್ಪಂದದಂತೆ ಮೈಸೂರು ಪ್ರತಿವರ್ಷ 7 ಲಕ್ಷ ಸ್ಟಾರ್ ಪಗೋಡ, ಎಂದರೆ ಸುಮಾರು 24.5 ಲಕ್ಷ ರೂಪಾಯಿ, ಕಂಪನಿಗೆ ಕೊಡಬೇಕಿತ್ತು. ದಿವಾನರು ಇದನ್ನು ತಪ್ಪದೆ ಸಲ್ಲಿಸಿದರು. 1803ರ ಮರಾಠಾ ಯುದ್ಧದಲ್ಲಿ ಮೈಸೂರಿನ ಕುದುರೆ ಸೈನ್ಯ ಆರ್ಥರ್ ವೆಲ್ಲೆಸ್ಲಿಯ ಪರವಾಗಿ ಹೋಯಿತು. 1804ರಲ್ಲಿ ಶ್ರೀರಂಗಪಟ್ಟಣದ ಬಳಿ ಕಾವೇರಿಗೆ ಕಲ್ಲಿನ ಸೇತುವೆ ಎದ್ದಿತು; ಅದಕ್ಕೆ ಗವರ್ನರ್ ಜನರಲ್ ವೆಲ್ಲೆಸ್ಲಿಯ ಹೆಸರಿಟ್ಟರು. ಯುದ್ಧದಿಂದ ನಲುಗಿದ್ದ ನಾಡಿಗೆ ವ್ಯವಸ್ಥೆ ಬಂದದ್ದು ನಿಜ. ಆದರೆ ಆ ಪೊಗದಿಯ ಭಾರ ಕೊನೆಗೆ ಬಿದ್ದದ್ದು ರೈತನ ಹೆಗಲ ಮೇಲೆ ಎಂಬುದೂ ಅಷ್ಟೇ ನಿಜ.

ಇಂಥದೇ ಸಂದಿಗ್ಧ ದೂರದ ಕೊರಿಯಾದಲ್ಲೂ ತಲೆದೋರಿತು. 1910ರಲ್ಲಿ ಜಪಾನ್ ಆ ದೇಶವನ್ನು ನುಂಗಿದಾಗ ಕನ್‌ಫ್ಯೂಷಿಯಸ್ ಪರಂಪರೆಯ ವಿದ್ವಾಂಸ ಹ್ವಾಂಗ್ ಹ್ಯೊನ್ ಆತ್ಮಾರ್ಪಣೆ ಮಾಡಿಕೊಂಡರು. ಅದೇ ಪರಂಪರೆಯ ಕಿಮ್ ಯುನ್-ಸಿಕ್ ಜಪಾನಿನ ಬಿರುದು ಪಡೆದು, 1911ರಲ್ಲಿ ಅವರು ಸ್ಥಾಪಿಸಿದ ವಿದ್ಯಾಪೀಠದ ಮುಖ್ಯಸ್ಥರಾದರು. 1919ರಲ್ಲಿ ಅವರೇ ಸ್ವಾತಂತ್ರ್ಯಕ್ಕಾಗಿ ಮನವಿ ಬರೆದು ಬಿರುದನ್ನು ಕಳೆದುಕೊಂಡರು. ಒಬ್ಬನೇ ಮನುಷ್ಯನ ಬಾಳಿನಲ್ಲಿ ಸಹಕಾರ, ಪ್ರತಿರೋಧ ಎರಡೂ ಇರಬಹುದು.

ಪೂರ್ಣಯ್ಯನವರ ಕಾಲದಲ್ಲಿ ನಿಷ್ಠೆ ಎಂದರೆ ಉಂಡ ಉಪ್ಪಿನ ಋಣ. ರಾಷ್ಟ್ರವೆಂಬ ಇಂದಿನ ಕಲ್ಪನೆ ಆಗ ಮೂಡಿರಲಿಲ್ಲ. ಆದ್ದರಿಂದ ದ್ರೋಹಿ ಎಂಬ ಒಂದೇ ಮಾತು ಸಾಲದು. ಹಾಗೆಂದು ಫಲವನ್ನು ಮರೆಯುವಂತೆಯೂ ಇಲ್ಲ. ಪೊಗದಿಗೆ ಧಕ್ಕೆಯಾಗುವಂತಿದ್ದರೆ ಆಡಳಿತವನ್ನೇ ವಹಿಸಿಕೊಳ್ಳುವ ಹಕ್ಕನ್ನು 1799ರ ಒಪ್ಪಂದ ಕಂಪನಿಗೆ ಕೊಟ್ಟಿತ್ತು. ಅದರ ಬಲದಿಂದಲೇ 1831ರಲ್ಲಿ ಬೆಂಟಿಂಕ್ ಮೈಸೂರನ್ನು ವಶಕ್ಕೆ ತೆಗೆದುಕೊಂಡ. ಅದು ಒಡೆಯರಿಗೆ ಮರಳಲು 1881ರವರೆಗೆ ಕಾಯಬೇಕಾಯಿತು. ಪೂರ್ಣಯ್ಯ 1812ರಲ್ಲೇ ತೀರಿಕೊಂಡಿದ್ದರು.

ಮುಂದೆ ಆ ಸೇತುವೆಯ ಬಳಿ ಹೋದಾಗ ಕಟ್ಟಿಸಿದವರನ್ನು ನೆನೆಯಿರಿ. ಅದು ಯಾರ ಹೆಸರನ್ನು ಹೊತ್ತಿದೆ, ಯಾರ ಬೆವರಿನಿಂದ ಎದ್ದಿತು ಎಂಬುದನ್ನೂ ಕೇಳಿಕೊಳ್ಳಿ.