ಡಾರ್ಟ್ಸ್: ಆಟದ ನಿಯಮಗಳ ಇತಿಹಾಸ

ಗೋಡೆಗೆ ತೂಗಿಸಿದ ವೃತ್ತಾಕಾರದ ಫಲಕದ ಮೇಲೆ ಗೊತ್ತಾದ ದೂರದಿಂದ ಮೊನೆಯುಳ್ಳ ಕಿರುಬಾಣಗಳನ್ನು ಕೈಯಿಂದ ಎಸೆದು, ಅವು ನಾಟಿದ ಸ್ಥಾನಗಳಿಗನುಸಾರವಾಗಿ ಅಂಕಗಳನ್ನೆಣಿಸುವ ಈ ಕ್ರೀಡೆಯು, ದುಡಿದು ದಣಿದ ಜನರು ಸಂಜೆಯ ಹೊತ್ತು ನೆರೆಯುತ್ತಿದ್ದ ಇಂಗ್ಲೆಂಡಿನ ಪಬ್ಬುಗಳಲ್ಲಿ, ಹತ್ತೊಂಬತ್ತನೆಯ ಶತಮಾನದ ಅಂತ್ಯಭಾಗದಿಂದ ಈಚೆಗೆ ತನ್ನ ಇಂದಿನ ರೂಪವನ್ನು ತಾಳಿತು. ಅದೃಷ್ಟಕ್ಕೆ ಎಡೆಗೊಡದೆ ಕೈಚಳಕಕ್ಕೆ ಮಾತ್ರ ಮನ್ನಣೆ ಸಲ್ಲಿಸಬೇಕೆಂಬ ಸಂಕಲ್ಪವು ಇದರ ಕಟ್ಟಳೆಗಳಲ್ಲೆಲ್ಲ ಹಾಸುಹೊಕ್ಕಾಗಿರುವುದರಿಂದ, ನಿಯಮಗಳ ಇತಿಹಾಸವೇ ಈ ಆಟದ ಇತಿಹಾಸವೆಂದರೂ ಸಲ್ಲುತ್ತದೆ.

ಆರಂಭಕಾಲದಲ್ಲಿ ಊರಿಗೊಂದು ಫಲಕ, ಪ್ರಾಂತಕ್ಕೊಂದು ಪದ್ಧತಿ ಇದ್ದಿತು. ಮ್ಯಾಂಚೆಸ್ಟರಿನ ಫಲಕವು ಗಾತ್ರದಲ್ಲಿ ಕಿರಿದು. ಅದರ ಅಂಕಗಳ ಅನುಕ್ರಮವೇ ಬೇರೆ. ಯಾರ್ಕ್‌ಷೈರಿನದರಲ್ಲಿ ಮೂರು ಪಾಲು ಅಂಕ ಕೊಡುವ ಟ್ರೆಬಲ್ ಪಟ್ಟಿಯಿಲ್ಲ. ಲಂಡನ್ನಿನ ‘ಫೈವ್ಸ್’ ಎಂಬ ಫಲಕದಲ್ಲಿ 5, 10, 15, 20 ಎಂಬ ಅಂಕಗಳುಳ್ಳ ಹನ್ನೆರಡೇ ಭಾಗಗಳು. ಇವೆಲ್ಲವನ್ನೂ ಹಿಂದಿಕ್ಕಿ ವಿಶ್ವಮಾನ್ಯವಾದುದು ಇಪ್ಪತ್ತು ಭಾಗಗಳ ಫಲಕ. ಅದರ ಅಂಕವಿನ್ಯಾಸವನ್ನು 1896ರಲ್ಲಿ ಲಂಕಾಷೈರಿನ ಬ್ರಯಾನ್ ಗ್ಯಾಮ್ಲಿನ್ ಎಂಬ ಬಡಗಿ ಕಲ್ಪಿಸಿದನೆಂಬ ಪ್ರತೀತಿಯು ಎಲ್ಲೆಡೆ ಹಬ್ಬಿದೆಯಾದರೂ, ಅದಕ್ಕೆ ಸಮಕಾಲೀನ ದಾಖಲೆಯ ಆಧಾರವು ದೊರೆತಿಲ್ಲ. 1908ರಲ್ಲಿ ಲೀಡ್ಸ್ ನಗರದ ನ್ಯಾಯಾಲಯದಲ್ಲಿ ಅನ್ನಾಕಿನ್ ಎಂಬಾತನು ಮೂರು ಡಾರ್ಟ್‌ಗಳನ್ನೂ 20ರಲ್ಲಿ ನಾಟಿಸಿ, ಇದು ಜೂಜಲ್ಲ, ಕೌಶಲದ ಆಟವೆಂದು ನ್ಯಾಯಾಧಿಪತಿಗಳಿಗೆ ಮನಗಾಣಿಸಿದನೆಂಬ ಕಥೆಯೂ ಇಂತಹುದೇ. ಇತಿಹಾಸವೆಂದು ಸಿದ್ಧವಾಗದಿದ್ದರೂ, ಆಡುವವರು ತಮ್ಮ ಆಟದ ವಿಷಯದಲ್ಲಿ ತಳೆದಿದ್ದ ಅಭಿಮಾನವನ್ನು ಅದು ಚೆನ್ನಾಗಿ ತೋರಿಸುತ್ತದೆ.

ಕರ್ತೃವು ಯಾರೇ ಆಗಿರಲಿ, ಆ ವಿನ್ಯಾಸದಲ್ಲಿ ಅಡಗಿರುವ ಬುದ್ಧಿಯು ಅಸಾಧಾರಣವಾದುದು. ಅತ್ಯಧಿಕವಾದ 20ರ ಎಡಬಲಗಳಲ್ಲಿ 5 ಮತ್ತು 1. 19ರ ಇಕ್ಕೆಲಗಳಲ್ಲಿ 3 ಮತ್ತು 7. 18ರ ಪಕ್ಕದಲ್ಲಿ 1 ಮತ್ತು 4. 17ರ ಪಕ್ಕದಲ್ಲಿ 2 ಮತ್ತು 3. ಹಿರಿದನ್ನು ಬಯಸಿ ಎಸೆದ ಕೈ ಕೂದಲೆಳೆಯಷ್ಟು ತಪ್ಪಿದರೆ ಕಿರಿದೇ ಪ್ರಾಪ್ತಿ. ಕಣ್ಣುಮುಚ್ಚಿ ಎಸೆದವನಿಗೆ ಇಲ್ಲಿ ಲಾಭವಿಲ್ಲ.

ಫಲಕವನ್ನು ಮೊದಲು ಎಲ್ಮ್ ಮೊದಲಾದ ಮರಗಳ ಕೊರಡಿನಿಂದ ಮಾಡುತ್ತಿದ್ದರು. ರಾತ್ರಿಯೆಲ್ಲ ನೀರಿನಲ್ಲಿ ನೆನೆಯಿಸಿಟ್ಟರೆ ಮರವು ಉಬ್ಬಿ, ಮೊನೆ ಚುಚ್ಚಿದ ರಂಧ್ರಗಳು ಮುಚ್ಚಿಕೊಳ್ಳುತ್ತಿದ್ದವು. 1930ರ ದಶಕದಲ್ಲಿ ನೋಡಾರ್ ಸಂಸ್ಥೆಯು ಕತ್ತಾಳೆಯ ಜಾತಿಯ ಸೈಸಲ್ ನಾರಿನ ಫಲಕವನ್ನು ಬಳಕೆಗೆ ತಂದ ಮೇಲೆ ಆ ತೊಡಕು ತಪ್ಪಿತು. ಡಾರ್ಟನ್ನು ಕಿತ್ತೊಡನೆ ಒತ್ತಾಗಿ ನಿಂತ ನಾರುಗಳು ತಾವಾಗಿಯೇ ಕೂಡಿಕೊಳ್ಳುತ್ತವೆ.

ನಿಯಮಗಳ ಏಕೀಕರಣಕ್ಕೆ 1924ರಲ್ಲಿ ಲಂಡನ್ನಿನಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಡಾರ್ಟ್ಸ್ ಸಂಘವೂ, 1927–28ರಲ್ಲಿ ಆರಂಭವಾದ ‘ನ್ಯೂಸ್ ಆಫ್ ದಿ ವರ್ಲ್ಡ್’ ಪತ್ರಿಕೆಯ ಸ್ಪರ್ಧೆಯೂ ಬಹುವಾಗಿ ನೆರವಾದವು. 1937ರಲ್ಲಿ ದೊರೆ ಆರನೆಯ ಜಾರ್ಜನೂ ರಾಣಿಯೂ ಸ್ಲೌ ಪಟ್ಟಣದಲ್ಲಿ ಡಾರ್ಟ್‌ಗಳನ್ನೆಸೆದದ್ದು ಆಟದ ಗೌರವವನ್ನು ಹೆಚ್ಚಿಸಿತು. ಆದರೂ ಎಸೆಯುವ ದೂರದ ವಿಷಯದಲ್ಲಿ ಒಮ್ಮತವಿರಲಿಲ್ಲ. ಕೆಲವರದು ಎಂಟು ಅಡಿ, ಕೆಲವರದು ಏಳೂವರೆ ಅಡಿ. 1976ರಲ್ಲಿ ವಿಶ್ವ ಡಾರ್ಟ್ಸ್ ಒಕ್ಕೂಟವು ಜನ್ಮತಾಳಿದ ತರುವಾಯ ಇವೆರಡರ ನಡುವಣ 2.37 ಮೀಟರ್ ಸ್ಥಿರವಾಯಿತು. ಈ ದೂರದಲ್ಲಿ ಎಳೆದ ‘ಓಕಿ’ ಎಂಬ ಗೆರೆಯನ್ನು ಆಟಗಾರನು ಮೆಟ್ಟಿ ದಾಟಲಾಗದು. ಬುಲ್ ಎನ್ನುವ ಕೇಂದ್ರಬಿಂದುವು ನೆಲದಿಂದ 1.73 ಮೀಟರ್ ಎತ್ತರದಲ್ಲಿರಬೇಕು. ಡಾರ್ಟಿನ ತೂಕವು 50 ಗ್ರಾಂ ಮೀರಬಾರದು.

ಸರದಿಗೆ ಮೂರು ಡಾರ್ಟ್‌ಗಳು. ಹೊರ ಅಂಚಿನ ಕಿರುಪಟ್ಟಿಯು ಎರಡು ಪಾಲು ಅಂಕ ಕೊಡುವ ಡಬಲ್, ನಡುವಿನದು ಟ್ರೆಬಲ್, ಬುಲ್‌ನ ಒಳಭಾಗಕ್ಕೆ 50, ಅದರ ಸುತ್ತಣ ಬಳೆಗೆ 25. ಫಲಕಕ್ಕೆ ತಗಲಿ ಕೆಳಗೆ ಬಿದ್ದ ಡಾರ್ಟಿಗೆ ಅಂಕವಿಲ್ಲ. ಸಾಮಾನ್ಯ ಸ್ಪರ್ಧೆಯಲ್ಲಿ 501ರಿಂದ ಗಳಿಕೆಯನ್ನು ಕಳೆಯುತ್ತ ಬಂದು, ಕೊನೆಯ ಎಸೆತವು ಡಬಲ್‌ನಲ್ಲಿ ಅಥವಾ ಒಳಬುಲ್‌ನಲ್ಲಿ ನಾಟಿ, ಶೇಷವು ಸರಿಯಾಗಿ ಸೊನ್ನೆಯಾಗಬೇಕು. ಅಂಕವು ಮೀರಿದರೆ, ಅಥವಾ 1 ಉಳಿದರೆ, ಅಥವಾ ಡಬಲ್ ಇಲ್ಲದೆ ಸೊನ್ನೆಯಾದರೆ, ಆ ಸರದಿಯ ಗಳಿಕೆಯೆಲ್ಲ ರದ್ದಾಗಿ ಹಿಂದಿನ ಶೇಷಕ್ಕೇ ಮರಳಬೇಕಾಗುತ್ತದೆ. ಆಟದ ಪ್ರಾಣವಿರುವುದು ಈ ನಿಯಮದಲ್ಲಿಯೇ ಎಂದು ಹೇಳಬೇಕು. ಏಕೆಂದರೆ ಎಷ್ಟೇ ಮುಂದೆ ನಡೆದವನೂ ಆ ಕಿರಿದಾದ ಪಟ್ಟಿಯ ಎದುರಿಗೆ ತಡವರಿಸಿ, ಹಿಂದುಳಿದವನಿಗೆ ಗೆಲವನ್ನು ಬಿಟ್ಟುಕೊಡುವ ಸಂಭವವು ಕಡೆಯ ಕ್ಷಣದವರೆಗೂ ಉಳಿದಿರುತ್ತದೆ. 170ಕ್ಕಿಂತ ಅಧಿಕವಾದ ಶೇಷವನ್ನು ಒಂದೇ ಸರದಿಯಲ್ಲಿ ಮುಗಿಸಲು ಸಾಧ್ಯವಿಲ್ಲ. 169, 168, 166, 165, 163, 162, 159 ಇವೂ ಅಸಾಧ್ಯವೇ. ಆದುದರಿಂದ ಬಲ್ಲ ಆಟಗಾರನು ಕೈಗೆ ಮುಂಚೆ ಗಣಿತವನ್ನು ನಡೆಸುತ್ತಾನೆ. 32 ಉಳಿಸಿಕೊಂಡವನು ಡಬಲ್ 16ಕ್ಕೆ ಗುರಿಯಿಟ್ಟು ಒಳಗಿನ ಒಂಟಿ 16ರಲ್ಲಿ ನಾಟಿಸಿದರೂ ಡಬಲ್ 8 ಉಳಿಯುತ್ತದೆ, ಅಲ್ಲಿಯೂ ಹಾಗೆಯೇ ಆದರೆ ಡಬಲ್ 4. ಹೀಗೆ ಅರ್ಧರ್ಧವಾಗಿ ಇಳಿಯುವ ಅನುಕೂಲದಿಂದಲೇ 32 ಅನೇಕರ ಇಷ್ಟಸಂಖ್ಯೆಯಾಗಿದೆ.

501ನ್ನು ತೀರಿಸಲು ಕನಿಷ್ಠಪಕ್ಷ ಒಂಬತ್ತು ಡಾರ್ಟ್‌ಗಳಾದರೂ ಬೇಕು. 1984ರ ಅಕ್ಟೋಬರಿನಲ್ಲಿ ಜಾನ್ ಲೋ ಈ ಪೂರ್ಣಸಾಧನೆಯನ್ನು ದೂರದರ್ಶನದಲ್ಲಿ ಕಾಣುವಂತೆ ಪ್ರಥಮಬಾರಿಗೆ ಮಾಡಿ ತೋರಿಸಿದರು: 180, ಮತ್ತೆ 180, ಅನಂತರ ಟ್ರೆಬಲ್ 17, ಟ್ರೆಬಲ್ 18, ಡಬಲ್ 18.

1978ರಲ್ಲಿ ವೇಲ್ಸಿನ ಲೈಟನ್ ರೀಸ್ ಮೊದಲ ವಿಶ್ವ ವೃತ್ತಿಪರ ಪ್ರಶಸ್ತಿಯನ್ನು ಗೆದ್ದರು. 1990ರ ದಶಕದಲ್ಲಿ ಅಗ್ರಗಣ್ಯ ಆಟಗಾರರು ಆಗ ಆಟವನ್ನು ನಡೆಸುತ್ತಿದ್ದ ಸಂಸ್ಥೆಯಿಂದ ಬೇರ್ಪಟ್ಟು 1994ರಿಂದ ತಮ್ಮದೇ ವಿಶ್ವಸ್ಪರ್ಧೆಯನ್ನು ನಡೆಸತೊಡಗಿದರೂ, ದೂರ, ಎತ್ತರ, ಅಂಕವಿನ್ಯಾಸಗಳಲ್ಲಿ ಯಾವ ಬದಲಾವಣೆಯೂ ಆಗಲಿಲ್ಲ. ಈ ಅಳತೆಗಳು ಸ್ತ್ರೀಪುರುಷರಿಬ್ಬರಿಗೂ ಒಂದೇ ಆದುದರಿಂದ, 2019ರ ಡಿಸೆಂಬರಿನಲ್ಲಿ ಲಂಡನ್ನಿನ ಅಲೆಕ್ಸಾಂಡ್ರಾ ಪ್ಯಾಲೆಸ್‌ನಲ್ಲಿ ಫಾಲನ್ ಶೆರಾಕ್ ಪುರುಷ ಎದುರಾಳಿಯನ್ನು ಸೋಲಿಸಿ ಆ ವಿಶ್ವಸ್ಪರ್ಧೆಯಲ್ಲಿ ಪಂದ್ಯ ಗೆದ್ದ ಮೊದಲ ಮಹಿಳೆಯಾದಾಗ, ಆಕೆಗಾಗಿ ಒಂದು ನಿಯಮವನ್ನೂ ಸಡಿಲಿಸಿರಲಿಲ್ಲ.