ತಾಳಮದ್ದಳೆಯಲ್ಲಿ ಭಾಗವತನ ಸ್ಥಾನವೂ ಆತನ ಪರಿಕರಗಳೂ

ಕಳಸ, ಮೂಡಿಗೆರೆ, ಕೊಪ್ಪ, ಶೃಂಗೇರಿಗಳ ಕಡೆಯಲ್ಲಿ ಆಷಾಢದ ಮಳೆ ಹಿಡಿಯಿತೆಂದರೆ, ಹಗಲಿನ ಗದ್ದೆ ತೋಟಗಳ ಕೆಲಸವನ್ನು ಮುಗಿಸಿದವರು ರಾತ್ರಿ ಒಂದು ಮನೆಯ ಜಗಲಿಯಲ್ಲಿ ಸೇರಿ ಕೂಟವನ್ನು ನಡೆಯಿಸುವುದು ಬಹುಕಾಲದಿಂದ ಬಂದ ರೂಢಿ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ, ರಂಗಸ್ಥಳವಿಲ್ಲ. ನಾಲ್ಕಾರು ಜನರು ಎದುರುಬದುರಾಗಿ ಕುಳಿತು, ಒಬ್ಬನು ಕೃಷ್ಣನೆಂದೂ ಮತ್ತೊಬ್ಬನು ಕೌರವನೆಂದೂ ಭಾವಿಸಿಕೊಂಡು, ಎಲ್ಲಿಯೂ ಬರೆದಿಡದ ಮಾತುಗಳನ್ನು ಆ ಕ್ಷಣದಲ್ಲಿಯೇ ಹುಟ್ಟಿಸಿ ವಾದಿಸುವರು. ಇವರ ನಡುವೆ ತಾಳವನ್ನು ಹಿಡಿದು ಕುಳಿತವನೇ ಭಾಗವತನು. ಆಡುವವರು ಅನೇಕರು, ಆಡಿಸುವವನು ಇವನೊಬ್ಬನೇ. ಬಯಲಾಟಕ್ಕೆ ‘ಆಟ’ವೆಂದೂ ತಾಳಮದ್ದಳೆಗೆ ‘ಕೂಟ’ವೆಂದೂ ಜನರು ಹೆಸರಿಟ್ಟಿರುವುದು ಸಾರ್ಥಕವಾಗಿಯೇ ಇದೆ.

ಈಚೆಗೆ ಪಟ್ಟಣಗಳಲ್ಲಿ ವಿದ್ಯಾವಂತ ತರುಣರು ಮೇಜಿನ ಸುತ್ತ ಕುಳಿತು ಇದನ್ನು ಹೋಲುವ ಮತ್ತೊಂದು ಆಟದಲ್ಲಿ ತೊಡಗಿರುವುದನ್ನು ವಾಚಕರಲ್ಲಿ ಕೆಲವರು ಬಲ್ಲರು. ಅಲ್ಲಿಯೂ ಪ್ರತಿಯೊಬ್ಬನು ಒಂದು ಪಾತ್ರವನ್ನು ವಹಿಸಿ ಆ ಪಾತ್ರದ ಬಾಯಿಂದಲೇ ಮಾತನಾಡುವನು. ‘ಗೇಮ್ ಮಾಸ್ಟರ್’ ಎಂಬ ನಾಯಕನು ಕಥೆಯನ್ನು ನಡೆಯಿಸುವನು. ಯಾವ ಆಟ ಲೇಸು, ನಾಯಕನಿಗೆ ಯಾವ ಪರಿಕರವು ಉಪಯುಕ್ತವೆಂಬ ಗುಣದೋಷವಿಮರ್ಶೆಗಳೂ ಹೊರಡುತ್ತಿರುವುವು. ಅಂತಹ ವಿಮರ್ಶೆಯನ್ನು ನಮ್ಮ ಕೂಟದ ವಿಷಯದಲ್ಲಿಯೂ ಮಾಡಿ ನೋಡುವುದು ಈ ಲೇಖನದ ಉದ್ದೇಶ. ಭಾಗವತನನ್ನು ಕೇವಲ ಹಾಡುಗಾರನೆಂದು ಎಣಿಸುವ ಈಚಿನ ಅಭ್ಯಾಸವು ಕೂಟದ ಬೇರಿಗೇ ಪೆಟ್ಟನ್ನು ಕೊಡತಕ್ಕದ್ದೆಂಬುದು ನಮ್ಮ ಅಭಿಪ್ರಾಯ.

೧. ಮೇಜಿನಾಟದ ಹುಟ್ಟು

ಪಾಶ್ಚಾತ್ಯರ ಆಟದ ಮೂಲವು ಯುದ್ಧಶಿಕ್ಷಣದಲ್ಲಿದೆ. ಪ್ರಷ್ಯಾ ದೇಶದ ರೈಸ್ವಿಟ್ಸ್ ಎಂಬ ಸೈನ್ಯಾಧಿಕಾರಿಯು ೧೮೨೪ ರಲ್ಲಿ ಒಂದು ನಕ್ಷೆಯಾಟದ ನಿಯಮಗಳನ್ನು ಪ್ರಕಟಿಸಿದನು. ಎರಡು ಪಕ್ಷದವರೂ ತಮ್ಮ ಆಜ್ಞೆಗಳನ್ನು ಒಬ್ಬ ಮಧ್ಯಸ್ಥನಿಗೆ ಒಪ್ಪಿಸುವರು. ಅವನು ದಾಳವನ್ನೆಸೆದು, ಪಟ್ಟಿಗಳನ್ನು ನೋಡಿ, ಯಾರಿಗೆಷ್ಟು ನಷ್ಟವಾಯಿತೆಂದು ಹೇಳುವನು. ಕಾಲಕ್ರಮದಲ್ಲಿ ನಿಯಮಗಳು ಬೆಳೆದು ಆಟವೇ ಭಾರವಾಯಿತು. ಆಗ, ೧೮೭೬ ರಲ್ಲಿ, ವೆರ್ಡಿ ದು ವೆರ್ನ್ವಾ ಎಂಬ ಸೇನಾನಿಯು ಪಟ್ಟಿಗಳ ಹೊರೆಯನ್ನು ಇಳಿಸಿ, ಮಧ್ಯಸ್ಥನ ಅನುಭವಕ್ಕೂ ವಿವೇಕಕ್ಕೂ ನಿರ್ಣಯವನ್ನು ಬಿಡುವುದೇ ಮೇಲೆಂದು ಪ್ರತಿಪಾದಿಸಿದನು. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು.

ಇಂತಹ ಯುದ್ಧದಾಟಗಳ ಪರಂಪರೆಯಿಂದಲೇ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬವರು ೧೯೭೪ ರಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟವನ್ನು ಹೊರತಂದರು. ಸೈನ್ಯಕ್ಕೆ ಬದಲಾಗಿ ಒಬ್ಬೊಬ್ಬನಿಗೆ ಒಂದೊಂದು ಪಾತ್ರವನ್ನು ಕೊಟ್ಟುದೇ ಅವರ ನೂತನಕಲ್ಪನೆ. ಇಪ್ಪತ್ತು ಮುಖಗಳ ದಾಳ, ನಕ್ಷೆಗಳು, ರಾಕ್ಷಸರ ವರ್ಣನೆಯ ಪುಸ್ತಕ, ತನ್ನ ಬರಹವನ್ನು ಇತರರು ನೋಡದಂತೆ ನಾಯಕನು ಮುಂದಿಟ್ಟುಕೊಳ್ಳುವ ಮಡಿಸುಹಲಗೆಯ ಮರೆ, ಇವು ಆ ಆಟದ ಮುಖ್ಯ ಪರಿಕರಗಳು.

೨. ಕೂಟದ ಪ್ರಾಚೀನತೆ

ನಮ್ಮ ಕೂಟವು ಇದಕ್ಕಿಂತ ಬಹಳ ಹಿಂದಿನದು. ಬಳ್ಳಾರಿ ಸೀಮೆಯಲ್ಲಿ ಕುರುಗೋಡಿನ ಕಡೆಯ ಸೋಮಸಮುದ್ರದ ಲಕ್ಷ್ಮೀನಾರಾಯಣ ದೇವಾಲಯದ ಕ್ರಿ.ಶ. ೧೫೫೬ ರ ಶಾಸನವು ತಾಳಮದ್ದಳೆಯ ಸೇವೆಗಾಗಿ ಭೂಮಿಯನ್ನು ಬಿಟ್ಟ ಸಂಗತಿಯನ್ನು ತಿಳಿಸುವುದು. ಪ್ರಷ್ಯಾದ ನಕ್ಷೆಯಾಟಕ್ಕೆ ಇನ್ನೂರ ಅರುವತ್ತೆಂಟು ವರ್ಷಗಳ ಮೊದಲೇ, ಈಗ ಯಕ್ಷಗಾನದ ಹೆಸರೇ ವಿರಳವಾಗಿರುವ ಬಯಲುಸೀಮೆಯಲ್ಲಿ, ದಾನಕ್ಕೆ ಯೋಗ್ಯವಾದ ಸೇವೆಯೆಂದು ಇದು ಪರಿಗಣಿತವಾಗಿತ್ತು.

ಕರಾವಳಿಯ ಈ ಕಲೆಯು ನಮ್ಮ ಮಲೆಗಳಲ್ಲಿ ನೆಲಸಿದುದು ಆಶ್ಚರ್ಯವಲ್ಲ. ಘಟ್ಟದ ಮೇಲಣ ಕಳಸವೂ ಕೆಳಗಣ ಕಾರ್ಕಳವೂ ಭೈರರಸರೆಂಬ ಒಂದೇ ಮನೆತನದ ಆಳಿಕೆಯಲ್ಲಿದ್ದುವು. ೧೪೩೨ ರಲ್ಲಿ ಕಾರ್ಕಳದ ಗೊಮ್ಮಟನನ್ನು ನಿಲ್ಲಿಸಿದ ವೀರಪಾಂಡ್ಯನು ಆ ಮನೆತನದವನೇ. ಘಟ್ಟದ ದಾರಿಗಳಲ್ಲಿ ಅಡಕೆ, ಮೆಣಸು, ಕಾಫಿ ಕೆಳಗಿಳಿದುವು. ಉಪ್ಪೂ ಒಣಮೀನೂ ಮೇಲೆ ಹತ್ತಿದುವು. ಕಾಫಿತೋಟಗಳಿಗೆ ಚಾರ್ಮಾಡಿಯ ಮಾರ್ಗವಾಗಿ ಕೆಲಸಕ್ಕೆ ಬಂದ ಕೆಳಗಣವರೊಡನೆ ಪದ್ಯಗಳೂ ಬಂದುವು. ಕುಂಬಳೆಯ ಪಾರ್ತಿಸುಬ್ಬನ ರಾಮಾಯಣ ಪ್ರಸಂಗಗಳು ಮಲೆನಾಡಿನ ಮನೆಗಳಲ್ಲಿ ಪರಿಚಿತವಾದುದು ಹೀಗೆ. ತುಳುನಾಡಿನಲ್ಲಿ ಮೇ ತಿಂಗಳ ಕಡೆಯ ಭಾಗದ ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚುವುವು. ಬಯಲಿನಲ್ಲಿ ಆಟವಾಡಲಾಗದ ಆ ಮಳೆಗಾಲವೇ ಕೂಟಕ್ಕೆ ಸುಗ್ಗಿ.

೩. ಪರಿಕರಗಳ ವಿಮರ್ಶೆ

ಭಾಗವತನ ಪರಿಕರಗಳಲ್ಲಿ ಮೊದಲನೆಯದು ಪ್ರಸಂಗದ ಪುಸ್ತಕ. ಇದರಲ್ಲಿ ಹಾಡತಕ್ಕ ಪದ್ಯಗಳೂ, ಒಂದೊಂದರ ಮೇಲೆ ರಾಗತಾಳಗಳ ಹೆಸರೂ, ನಡುನಡುವೆ ಭಾಮಿನಿ, ವಾರ್ಧಕ, ಕಂದ, ದ್ವಿಪದಿಗಳೂ ಇರುವುವು. ಪಾತ್ರಧಾರಿಗಳ ಮಾತು ಮಾತ್ರ ಇರುವುದಿಲ್ಲ. ಈ ಇಲ್ಲದಿರುವಿಕೆಯೇ ಅದರ ದೊಡ್ಡ ಗುಣ. ಬರೆದುದು ಕಥೆಯನ್ನು ಹಿಡಿಯುವುದು, ಬರೆಯದೆ ಬಿಟ್ಟುದು ಅರ್ಥಧಾರಿಗೆ ಎಡೆಗೊಡುವುದು. ತಾಳೆಗರಿಯಿಂದ ಕೈಬರಹದ ಕಾಗದಕ್ಕೂ, ಅಲ್ಲಿಂದ ಅಚ್ಚಿಗೂ ಬಂದ ಪ್ರಸಂಗಗಳಲ್ಲಿ ಉಡುಪಿಯ ಪಾವಂಜೆ ಗುರುರಾಯರ ಪ್ರಕಟಣೆಗಳು ಅನೇಕ ಮನೆಗಳ ಪೆಟ್ಟಿಗೆಯನ್ನು ಸೇರಿದುವು. ಆದರೂ ಸಭೆಯಲ್ಲಿ ಪುಸ್ತಕದ ಮೇಲೆಯೇ ಕಣ್ಣನ್ನು ನೆಟ್ಟವನಿಗೆ ಅರ್ಥಧಾರಿಯ ಮುಖವು ಕಾಣದು. ಪ್ರಸಂಗಗಳನ್ನು ಕಂಠಸ್ಥವಾಗಿ ಬಲ್ಲವರೆಂದು ಖ್ಯಾತಿವೆತ್ತು, ಐದು ರಾತ್ರಿಗಳ ದೇವೀಮಹಾತ್ಮೆಯನ್ನೂ ರಚಿಸಿದ ಬಲಿಪ ನಾರಾಯಣ ಭಾಗವತರು (೧೯೩೮–೨೦೨೩) ಈ ವಿಷಯದಲ್ಲಿ ಆದರ್ಶಪ್ರಾಯರು.

ಎರಡನೆಯದು ತಾಳ, ತೆಂಕುತಿಟ್ಟಿನವರಿಗೆ ಜಾಗಟೆ. ಇದನ್ನು ಬರಿಯ ಲಯವಾದ್ಯವೆಂದು ತಿಳಿಯಬಾರದು. ಮಾತು ದಾರಿಬಿಟ್ಟಾಗ ಒಂದು ಮೆಲ್ಲನೆಯ ತಟ್ಟು, ಅರ್ಥಧಾರಿಯು ಸಾಕುಮಾಡದಿದ್ದಾಗ ಮುಂದಿನ ಪದ್ಯದ ಎತ್ತುಗಡೆ, ಇವೇ ಭಾಗವತನ ಅಂಕುಶ. “ನಿಲ್ಲಿಸು” ಎಂದು ಬಾಯಿಬಿಟ್ಟು ಹೇಳದೆಯೇ ನಿಲ್ಲಿಸುವ ಇಂತಹ ಉಪಾಯವು ಮೇಜಿನಾಟದ ನಾಯಕನಿಗೆ ದೊರೆತಿಲ್ಲ.

ಮೂರನೆಯದು ಮದ್ದಳೆ. ಮಳೆಗಾಲದ ತೇವಕ್ಕೆ ಇದರ ಚರ್ಮವು ಸಡಿಲವಾಗುವುದರಿಂದ ನಮ್ಮ ಕಡೆಯಲ್ಲಿ ಬೆಂಕಿಯ ಕಾವು ತಾಗಿಸಿ ಶ್ರುತಿಗೆ ತರುವುದುಂಟು. ಚೆಂಡೆಯು ಬಯಲಿಗೆ ಭೂಷಣವಾದರೂ ಜಗಲಿಯ ಕೂಟಕ್ಕೆ ಅಧಿಕವೆಂದೇ ನಮ್ಮ ಮತ. ಕಲೆಯ ಹೆಸರಿನಲ್ಲಿ ತಾಳವೂ ಮದ್ದಳೆಯೂ ಇವೆ, ಚೆಂಡೆಯಿಲ್ಲ. ಶ್ರುತಿಗೆ ಹಿಂದೆ ಪುಂಗಿಯಿತ್ತು, ಅನಂತರ ಹಾರ್ಮೋನಿಯಂ ಬಂದಿತು, ಈಗ ವಿದ್ಯುತ್ತಿನ ಶ್ರುತಿಪೆಟ್ಟಿಗೆ ಬಂದಿದೆ. ಇದರಿಂದ ಕೂಟಕ್ಕೆ ಹಾನಿಯೇನೂ ಆಗಿಲ್ಲ, ಒಬ್ಬನ ಶ್ರಮವು ಉಳಿದಿದೆ.

೪. ಯಾವ ಪ್ರಸಂಗ ಲೇಸು?

ಆಟಕ್ಕೆ ಸೊಗಸಾದ ಪ್ರಸಂಗಗಳೆಲ್ಲ ಕೂಟಕ್ಕೆ ಸೊಗಸಲ್ಲ. ಯುದ್ಧವೂ ಮಾಯೆಯೂ ತುಂಬಿದ ಕಥೆಯು ಕುಣಿತವಿಲ್ಲದೆ ಬಡವಾಗುವುದು. ಇಬ್ಬರಿಗೂ ನ್ಯಾಯವಾದ ಮಾತಿರುವ ಕಥೆಯೇ ಕೂಟಕ್ಕೆ ಬೇಕಾದುದು. ‘ಕೃಷ್ಣಸಂಧಾನ’ವು ಹೊಸಬರಿಗೂ ಹಳಬರಿಗೂ ಒದಗುವುದು, ಪಾತ್ರಗಳು ಸಾಕಷ್ಟಿವೆ, ಸಭೆಯೇ ಅದರ ಸ್ಥಳ. ‘ವಾಲಿವಧೆ’ಯಲ್ಲಿ ಬಾಣ ತಾಗಿ ಬಿದ್ದ ವಾಲಿಯು ಕೇಳುವ ಪ್ರಶ್ನೆಗೆ ರಾಮನಾದವನು ಶಾಸ್ತ್ರವನ್ನೂ ಹೃದಯವನ್ನೂ ಕೂಡಿಸಿ ಉತ್ತರಿಸಬೇಕಾಗುವುದು, ಇದು ಪ್ರೌಢರಿಗೆ. ‘ಕರ್ಣಪರ್ವ’ದಲ್ಲಿ ಶಲ್ಯನು ಸಮರ್ಥನಾಗಿರದಿದ್ದರೆ ಕರ್ಣನೂ ಸೋಲುವನು. ನಮ್ಮ ಜಿಲ್ಲೆಯವರಿಗೆ ಸುಧನ್ವನ ಕಥೆಯಲ್ಲಿ ವಿಶೇಷಾಭಿಮಾನವಿರತಕ್ಕದ್ದು. ಏಕೆಂದರೆ ಅದನ್ನು ಕನ್ನಡಿಗರ ಬಾಯಲ್ಲಿ ನಿಲ್ಲಿಸಿದ ಜೈಮಿನಿಭಾರತದ ಲಕ್ಷ್ಮೀಶನು ಕಡೂರು ತಾಲ್ಲೂಕಿನ ದೇವನೂರಿನವನೆಂದು ಪ್ರಸಿದ್ಧನು.

೫. ದಾಳವೂ ಪದ್ಯವೂ

ಎರಡು ಆಟಗಳಿಗೂ ಇರುವ ಮುಖ್ಯ ಭೇದವನ್ನು ಇಲ್ಲಿ ಹೇಳಬೇಕು. ಮೇಜಿನಾಟದಲ್ಲಿ ಮುಂದೇನಾಗುವುದೆಂಬುದನ್ನು ಬಹುಮಟ್ಟಿಗೆ ದಾಳವು ನಿರ್ಣಯಿಸುವುದು. ಸಭಾಪರ್ವವನ್ನು ಓದಿದ ನಮಗೆ ದಾಳದ ಮಹಿಮೆಯು ಹೊಸದಲ್ಲ. ಕೂಟದಲ್ಲಾದರೋ ಕಥೆಯ ಕೊನೆಯು ಎಲ್ಲರಿಗೂ ಮೊದಲೇ ತಿಳಿದಿದೆ. ಸಂಧಾನವು ಮುರಿಯಲೇ ಬೇಕು, ವಾಲಿಯು ಸಾಯಲೇ ಬೇಕು. ಹಾಗಾದರೆ ಸ್ವಾತಂತ್ರ್ಯವೆಲ್ಲಿ? ಅದು ಫಲದಲ್ಲಿಲ್ಲ, ಹೇತುವಿನಲ್ಲಿದೆ. ಕೌರವನು ಐದು ಊರುಗಳನ್ನೂ ಕೊಡನೆಂಬುದು ನಿಶ್ಚಿತ. ಏಕೆ ಕೊಡನೆಂಬುದು ಪ್ರತಿರಾತ್ರಿಯೂ ಹೊಸದು. ಒಬ್ಬನ ಕೌರವನು ಲೋಭದಿಂದ ನಿರಾಕರಿಸುವನು, ಮತ್ತೊಬ್ಬನ ಕೌರವನು ತನ್ನನ್ನು ನಂಬಿದ ಕರ್ಣನ ಮುಖವನ್ನು ನೋಡಿ ನಿರಾಕರಿಸುವನು. ವಾದದ ಬಿಸಿಯಲ್ಲಿ ಪಾತ್ರವು ಕಥೆಯನ್ನೇ ಮೀರಿ ಹೊರಟರೆ ಭಾಗವತನ ಮುಂದಿನ ಪದ್ಯವು ಅದನ್ನು ವಿಧಿಯಂತೆ ಹಿಂದಕ್ಕೆ ಕರೆಯುವುದು.

ಗೌತಮನ ನ್ಯಾಯಸೂತ್ರವು ಸಂವಾದವನ್ನು ಮೂರಾಗಿ ವಿಂಗಡಿಸಿದೆ: ತತ್ತ್ವವನ್ನು ತಿಳಿಯಲೆಂದು ಮಾಡುವುದು ವಾದ, ಗೆಲ್ಲಲೆಂದು ಮಾಡುವುದು ಜಲ್ಪ, ತನ್ನ ಪಕ್ಷವನ್ನು ಸ್ಥಾಪಿಸದೆ ಎದುರಾಳಿಯದನ್ನು ಕೆಡವುವುದು ಮಾತ್ರವೇ ವಿತಂಡೆ. ಶೃಂಗೇರಿಯಲ್ಲಿ ಭಾದ್ರಪದದಲ್ಲಿ ಸೇರುವ ವಾಕ್ಯಾರ್ಥ ವಿದ್ವತ್ಸಭೆಯನ್ನು ಕೇಳಿದವರಿಗೆ ಈ ಭೇದವು ಸ್ಪಷ್ಟವಾಗಿರುವುದು. ಕೂಟವು ವಾದವಾದರೆ ಉತ್ತಮ, ಜಲ್ಪವಾದರೆ ಸಹ್ಯ, ವಿತಂಡೆಗೆ ಇಳಿದರೆ ಮುಳುಗಿತು. ಅದನ್ನು ಇಳಿಯದಂತೆ ತಡೆಯುವ ಮಧ್ಯಸ್ಥನು ಭಾಗವತನೇ. ಪ್ರಷ್ಯಾದವರು ಪಟ್ಟಿಗಳನ್ನೆಲ್ಲ ಬೆಳೆಸಿ ನೋಡಿ ೧೮೭೬ ರಲ್ಲಿ ಕಂಡುಕೊಂಡ ಮಾತೂ ಇದೇ: ನಿಯಮವು ಎಷ್ಟಿದ್ದರೂ ವಿವೇಕಿಯಾದ ಮಧ್ಯಸ್ಥನಿಲ್ಲದೆ ಆಟವು ನಡೆಯದು.

೬. ಈಗಿನ ಸ್ಥಿತಿ

ಇಪ್ಪತ್ತನೆಯ ಶತಮಾನದಲ್ಲಿ ಅರ್ಥಗಾರಿಕೆಯು ಅಪೂರ್ವವಾದ ಎತ್ತರಕ್ಕೇರಿತು. ಶೇಣಿ ಗೋಪಾಲಕೃಷ್ಣ ಭಟ್ಟರು (೧೯೧೮–೨೦೦೬), ಕುಂಬಳೆ ಸುಂದರರಾಯರು (೧೯೩೪–೨೦೨೨) ಮೊದಲಾದವರ ಮಾತನ್ನು ಕೇಳಲು ಜನರು ದೂರದೂರದಿಂದ ಬಂದರು. ಇದು ಕನ್ನಡಕ್ಕೆ ಲಾಭವೆಂಬುದರಲ್ಲಿ ಸಂದೇಹವಿಲ್ಲ. ಆದರೆ ದೊಡ್ಡವರ ಮಾತಿಗೆ ಸಂದುದೆಲ್ಲ ಎಲ್ಲರ ಮಾತಿಗೂ ಸಲ್ಲದು. ಒಬ್ಬೊಬ್ಬನ ಪೀಠಿಕೆಗೇ ತಾಸುಗಳು ಕಳೆದು, ಪದ್ಯಗಳನ್ನು ಬಿಡುತ್ತ ಬಿಡುತ್ತ ಭಾಗವತನು ಎರಡು ಭಾಷಣಗಳ ನಡುವಣ ವಿಶ್ರಾಂತಿಗೆ ಮಾತ್ರ ಹಾಡುವವನಾದರೆ, ಅದನ್ನು ಕೂಟವೆಂದು ಹೇಗೆ ಕರೆಯೋಣ? ಹಿರಿಯರ ಅರ್ಥವನ್ನು ಮುದ್ರಿಕೆಗಳಿಂದ ಬಾಯಿಪಾಠಮಾಡಿ ಒಪ್ಪಿಸುವ ಅಭ್ಯಾಸವೂ ಹಬ್ಬುತ್ತಿದೆ. ಇಬ್ಬರೂ ಕಲಿತುದನ್ನೇ ಒಪ್ಪಿಸಿದರೆ ಎದುರು ಕುಳಿತವನ ಮಾತನ್ನು ಕೇಳುವವರಾರು?

ಮಲೆನಾಡಿನ ಮನೆಗಳಿಗೆ ಇನ್ನೊಂದು ಕಷ್ಟವಿದೆ. ಮಕ್ಕಳು ಬೆಂಗಳೂರಿಗೂ ಅದರಾಚೆಗೂ ಹೋದರು. ಜಗಲಿಗಳು ದೊಡ್ಡವಾಗಿಯೇ ಉಳಿದಿವೆ, ಕೂರುವವರು ಕಡಮೆಯಾದರು. ಕೂಟವು ನಿಂತ ಮನೆಯಲ್ಲಿ ಪ್ರಸಂಗದ ಹಳೆಯ ಪ್ರತಿಗಳು ಅಟ್ಟವನ್ನು ಸೇರಿ ಗೆದ್ದಲಿಗೆ ಆಹಾರವಾಗುವುವು. ಈಚಿನ ವರ್ಷಗಳಲ್ಲಿ ಕೆಲವು ಆಸಕ್ತರು ಇಂತಹ ಪ್ರತಿಗಳನ್ನು ಹುಡುಕಿ ಗಣಕಯಂತ್ರಕ್ಕೇರಿಸಿ ಸರ್ವರಿಗೂ ದೊರೆಯುವಂತೆ ಮಾಡುತ್ತಿರುವುದು ಸ್ತುತ್ಯವಾದ ಕಾರ್ಯ. ಅಟ್ಟದಲ್ಲಿ ಪ್ರತಿಗಳುಳ್ಳವರು ಈ ಮಳೆಗಾಲಕ್ಕೆ ಮೊದಲೇ ಅವುಗಳನ್ನು ಕೆಳಗಿಳಿಸಿ ಬಿಸಿಲು ಕಾಣಿಸುವುದು ಅವಶ್ಯ.

ಪಟ್ಟಣದಲ್ಲಿ ಮೇಜಿನಾಟವನ್ನು ಆಡುವ ನಮ್ಮ ಮಕ್ಕಳನ್ನು ಹಳಿಯುವುದರಿಂದ ಪ್ರಯೋಜನವಿಲ್ಲ. ಪಾತ್ರವನ್ನು ಹೊಕ್ಕು ಮಾತನಾಡಬೇಕೆಂಬ ಆಸೆಯು ಅವರಲ್ಲಿ ಉಳಿದಿದೆಯೆಂಬುದೇ ಸಮಾಧಾನದ ಸಂಗತಿ. ರಜೆಗೆ ಬಂದಾಗ ಅವರ ಕೈಗೆ ಒಂದು ಪ್ರಸಂಗವನ್ನು ಕೊಟ್ಟು, ಒಂದು ಸಣ್ಣ ಪಾತ್ರವನ್ನು ವಹಿಸಿ, ಎದುರಿಗೆ ಬಲ್ಲವರೊಬ್ಬರನ್ನು ಕೂರಿಸಿದರೆ ಸಾಕು. ಆದರೆ ಅದಕ್ಕೆ ಮೊದಲು ತಾಳವನ್ನು ಹಿಡಿಯಬಲ್ಲವನು ಬೇಕು. ಅರ್ಥ ಹೇಳುವವರು ಹತ್ತು ಜನರಿದ್ದೂ ಭಾಗವತನಿಲ್ಲದ ಊರಿನಲ್ಲಿ ಕೂಟವಾಗದು. ಭಾಗವತನೊಬ್ಬನಿದ್ದರೆ ಇಬ್ಬರಿಂದಲೇ ಆದೀತು. ಆದುದರಿಂದ ಊರಿಗೊಬ್ಬ ಹುಡುಗನಾದರೂ ಹುಡುಗಿಯಾದರೂ ಪದ್ಯವನ್ನೂ ತಾಳವನ್ನೂ, ಎಲ್ಲಕ್ಕಿಂತ ಮಿಗಿಲಾಗಿ ಯಾವಾಗ ಸುಮ್ಮನಿರಬೇಕೆಂಬುದನ್ನೂ ಕಲಿಯುವಂತೆ ಮನೆಮನೆಯ ಹಿರಿಯರು ಏರ್ಪಡಿಸುವರೆಂದು ನಂಬಿದ್ದೇವೆ.